ತೊಗಟೆ ಮೇಲೋ, ಕೆಳಗೋ

ಡಿಸೆಂಬರ್ 3, ಮಂಗಳವಾರ

ಇದು ಕೋಣೆಯಲ್ಲ, ಗೋದಾಮು. ತಮ್ಮನ ಕನ್ನಡಕದ ಅಂಗಡಿಯಲ್ಲಿ ಯಾರಿಗೂ ಬೇಡವಾದ ಫ್ರೇಮುಗಳು ಬಂದು ಬೀಳುವ ಜಾಗ. ಇವತ್ತಿನಿಂದ ಅವುಗಳ ಜೊತೆಗೆ ನಾನೂ. ಮಂಚದ ಎದುರಿನ ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಹಳೆಯ ಹಲಗೆಯೊಂದನ್ನು ತೂಗುಹಾಕಿದ್ದಾನೆ. ಅದರ ಕೊನೆಯ ಸಾಲನ್ನು ಬೆಳಗಿನಿಂದ ಓದಿ ಓದಿ ಬಾಯಿಪಾಠವಾಗಿದೆ. ಕಣ್ಣು ಚೆನ್ನಾಗಿದೆ. ಕೆಟ್ಟಿರುವುದು ಸೊಂಟದ ಕೀಲು.

ಆಸ್ಪತ್ರೆಯವರು ಹೇಳಿದ್ದು ಇಷ್ಟು: ನನ್ನ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹೊಸ ಕೀಲು ಹಾಕಿಸಿಕೊಂಡ ಕಾಲಿನಲ್ಲಿ ಅಷ್ಟು ಮೆಟ್ಟಿಲು ಹತ್ತಿ ತೋರಿಸುವವರೆಗೆ ನಾನು ಒಬ್ಬಳೇ ಇರುವ ಹಾಗಿಲ್ಲ. ಪರೀಕ್ಷೆ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಸಂಬಂಧಿಕರ ಮನೆ. ನನಗೆ ಉಳಿದಿರುವ ಸಂಬಂಧಿಕ ಇವನೊಬ್ಬ. ನಮ್ಮಿಬ್ಬರಿಗೆ ಮಾತು ಬಿಟ್ಟು ಏಳು ವರ್ಷ. ಅಮ್ಮ ಹೋದ ಮೇಲೆ ಅವಳ ಊಟದ ಮೇಜನ್ನು ನನ್ನನ್ನು ಒಂದು ಮಾತೂ ಕೇಳದೆ ಗಾಡಿಗೆ ಹಾಕಿಸಿಕೊಂಡು ಬಂದವನು ಇವನು.

"ಅಕ್ಕ, ಏನಾದ್ರೂ ಬೇಕಿದ್ರೆ ಕೂಗು," ಎಂದ.

"ಬೇಕಾದ್ದು ಒಂದೇ. ನನ್ನ ಮನೆಗೆ ಹೋಗೋದು."

"ನಂಗೂ ಅದೇ ಬೇಕು," ಎಂದು ಬಾಗಿಲು ಎಳೆದುಕೊಂಡು ಹೋದ.

ಡಿಸೆಂಬರ್ 5, ಗುರುವಾರ

ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬಂದಿದ್ದಳು. ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ವಾಪಸ್ಸು ಬರಬೇಕಂತೆ. ಆಗುವುದಿಲ್ಲ ಎಂದೆ. "ಪ್ರಯತ್ನ ಮಾಡಿ ಅಮ್ಮ" ಎಂದು ಮಗುವಿಗೆ ಹೇಳಿದಂತೆ ಹೇಳಿದಳು. ನಾನು ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು, ಓಡುವ ಗಾಡಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದವಳು. ನನಗೆ ನಡೆಯಲು ಕಲಿಸುತ್ತಾಳಂತೆ. ಗೋಡೆಯ ಕಡೆ ತಿರುಗಿ ಮಲಗಿದೆ.

ಡಿಸೆಂಬರ್ 7, ಶನಿವಾರ

ತಲೆ ಚಿಟ್ಟು ಹಿಡಿದಿದೆ. ನನ್ನ ಕಿಟಕಿಯ ಕೆಳಗೇ ಇವನ ಸೌದೆ ಶೆಡ್ಡು. ಅದರೊಳಗೆ ಒಂದು ಕಬ್ಬಿಣದ ಒಲೆ. ಶನಿವಾರ ಸಂಜೆಯಾದರೆ ಒಲೆಯ ಸುತ್ತ ಒಂದು ಪಟಾಲಂ ಸೇರುತ್ತದೆ. ಒಬ್ಬ ಅಂಚೆಯವನು, ಒಬ್ಬ ಹಲ್ಲಿನ ಡಾಕ್ಟರು, ಬೇಕರಿ ನಡೆಸುವ ಒಬ್ಬ ದಪ್ಪ ದನಿಯ ಹೆಂಗಸು, ಇವರ ನಡುವೆ ನನ್ನ ತಮ್ಮ. ಒಂದು ಕ್ರೇಟ್ ಬಿಯರ್. ಕೆಲಸ? ಸೌದೆಯ ಬಗ್ಗೆ ಮಾತಾಡುವುದು. ಸೌದೆ ಒಡೆಯುವುದಲ್ಲ, ಮಾತಾಡುವುದು.

"ಹಸಿ ಸೌದೆ ನಿಧಾನಕ್ಕೆ ಉರಿಯುತ್ತೆ ಕಣ್ರೀ, ಹೆಚ್ಚು ಹೊತ್ತು ಬರುತ್ತೆ," ಎಂದು ಅಂಚೆಯವನು.

"ಹೊಗೆ ಹೆಚ್ಚು ಹೊತ್ತು ಬರುತ್ತೆ," ಎಂದು ತಮ್ಮ.

"ಹೊಗೆ ಬಂದ್ರೆ ಬರಲಿ. ವಾರಕ್ಕೊಂದ್ಸಲ ಆಲೂಗಡ್ಡೆ ಸಿಪ್ಪೆ ಸುಟ್ರೆ ಹೊಗೆಕೊಳವೆ ತಾನೇ ತೊಳೆದಿಟ್ಟಂಗೆ ಆಗುತ್ತೆ," ಎಂದು ಬೇಕರಿಯವಳು.

ಡಾಕ್ಟರಿಗೆ ಒಂದೇ ಚಿಂತೆ. ಸೌದೆ ಪೇರಿಸುವಾಗ ತೊಗಟೆ ಮೇಲಿರಬೇಕು, ಕೆಳಗಿದ್ದರೆ ಅದು ಸೌದೆಯೇ ಅಲ್ಲ. ತೊಗಟೆ ಕೆಳಗೇ ಇರಬೇಕು ಎನ್ನುವ ಅಂಚೆಯವನು ಇದಕ್ಕೆ ಏನೋ ಅಂದ, ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಂಥದ್ದು ಏನಿತ್ತೋ ದೇವರೇ ಬಲ್ಲ. ಸಹಿಸಲಾಗದೆ ಎದ್ದು ಹೋಗಿ ಕಿಟಕಿಯನ್ನು ಧಡಾರನೆ ಮುಚ್ಚಿದೆ. ಅವರು ಲೋಟ ಎತ್ತಿ ತೋರಿಸಿದರು. ಮಾನಗೆಟ್ಟವರು.

ಡಿಸೆಂಬರ್ 9, ಸೋಮವಾರ

"ಕಿಟಕಿವರೆಗೆ ಹೋಗಿದ್ರಂತೆ?" ಎಂದು ಆ ಹುಡುಗಿ ಹಲ್ಲು ಬಿಟ್ಟುಕೊಂಡು ಕೇಳಿದಳು. ತಮ್ಮ ಹೇಳಿರಬೇಕು, ಚಾಡಿಕೋರ. ಕಿಟಕಿ ಮುಚ್ಚಲು ಹೋಗಿದ್ದೆ, ವ್ಯಾಯಾಮಕ್ಕಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಡಿಸೆಂಬರ್ 14, ಶನಿವಾರ

ಮುಚ್ಚಿದ ಕಿಟಕಿಯನ್ನೂ ದಾಟಿ ಬರುತ್ತದೆ ಆ ಅಂಚೆಯವನ ದನಿ. ಮತ್ತೆ ಅದೇ ಹಸಿ ಸೌದೆ ಪುರಾಣ. ಇಷ್ಟು ದೊಡ್ಡ ಮೂರ್ಖತನವನ್ನು ಯಾರೂ ತಿದ್ದುವುದಿಲ್ಲವಲ್ಲ ಎಂದು ಮೈ ಉರಿಯಿತು. ವಾಕರ್ ಎಳೆದುಕೊಂಡು ಅಡುಗೆಮನೆ ದಾಟಿ ಹಿಂಬಾಗಿಲಿಗೆ ಹೋದೆ.

"ಮರದೊಳಗಿನ ನೀರು ಕುದಿದು ಆವಿ ಆಗೋದಕ್ಕೇ ಅರ್ಧ ಬೆಂಕಿ ಖರ್ಚಾಗುತ್ತೆ. ಉಳಿದ ಅರ್ಧ ನಿಮಗೆ. ಅದನ್ನೇ ಹೆಚ್ಚು ಹೊತ್ತು ಬಂತು ಅಂತೀರಲ್ಲ, ತಲೆಯಲ್ಲೇನಿದೆ?" ಎಂದು ಬಾಗಿಲಿನಿಂದಲೇ ಕೂಗಿದೆ.

ಅಂಚೆಯವನು ಶೆಡ್ಡಿನಿಂದ ಕತ್ತು ಹೊರಚಾಚಿ, "ಯಾರಿದು, ಒಳ್ಳೇ ರೈಲು ಬಂದಂಗೆ ಬಂದ್ರು?" ಎಂದ.

"ನಮ್ಮಕ್ಕ," ಎಂದ ತಮ್ಮ. ಅವನ ದನಿಯಲ್ಲಿ ಕ್ಷಮೆ ಕೇಳುವ ಧಾಟಿಯಿತ್ತು. ಅದು ಇನ್ನಷ್ಟು ಉರಿಸಿತು.

"ಅಕ್ಕಾ, ಚಳೀಲಿ ಯಾಕೆ ನಿಂತಿದೀರಿ, ಒಳಗೆ ಬನ್ನಿ," ಎಂದಳು ಬೇಕರಿಯವಳು.

ನಾನು ಯಾರಿಗೂ ಅಕ್ಕ ಅಲ್ಲ ಎಂದು ಹೇಳಿ ಬಂದೆ. ವಾಪಸ್ಸು ಬರುವಾಗ ಹೊಸ್ತಿಲ ಹತ್ತಿರ ನೋವು ಎಷ್ಟಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ.

ಡಿಸೆಂಬರ್ 22, ಭಾನುವಾರ

ನಿನ್ನೆ ಶೆಡ್ಡಿನ ಒಳಗೇ ಹೋದೆ. ಹೋಗಬೇಕಾಯಿತು. ಒಣಗಿದ ಸೌದೆಯನ್ನು ಸದ್ದಿನಿಂದಲೇ ಗುರುತಿಸುತ್ತೇನೆ ಎಂದು ಡಾಕ್ಟರು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು, ಕಿವಿ ಹತ್ತಿರ ಹಿಡಿದು, ರೋಗಿಯ ಬಾಯಿ ನೋಡುವ ಮುಖ ಮಾಡುತ್ತಾರೆ. ಟಣ್ ಎಂದರೆ ಒಣಗಿದ್ದು, ಧಡ್ ಎಂದರೆ ಹಸಿ. ಇದು ನಿಜವೇ. ಆದರೆ ಆ ಮನುಷ್ಯನ ಕೈಗೆ ಸಿಕ್ಕಿದ್ದೆಲ್ಲ ಟಣ್ ಎನ್ನುತ್ತದೆ, ಮೂರನೆಯ ಬಿಯರಿನ ನಂತರ ಇನ್ನೂ ಹೆಚ್ಚಾಗಿ.

ಒಳಗೆ ಕಾಲಿಟ್ಟಾಗ ಕಂಡದ್ದು ಅಮ್ಮನ ಮೇಜು. ಅಮ್ಮನ ಊಟದ ಮೇಜು! ಅದರ ಮೇಲೆ ಬಿಯರ್ ಬಾಟಲಿ, ಕೊಡಲಿ, ಕಡಲೆಕಾಯಿ ಸಿಪ್ಪೆ, ಲೋಟ ಇಟ್ಟಿಟ್ಟು ಆದ ಬಿಳಿ ಬಳೆಗಳು. ಏಳು ವರ್ಷದ ಮಾತೆಲ್ಲ ಒಂದೇ ಸಲ ಬಾಯಿಗೆ ಬಂತು. ಎಲ್ಲರ ಎದುರಿಗೇ ಅಂದುಬಿಟ್ಟೆ. ಕಳ್ಳ ಅಂದೆ, ಮನೆಹಾಳ ಅಂದೆ.

ತಮ್ಮ ತಲೆ ಎತ್ತಲಿಲ್ಲ. "ನಿನ್ನ ಮನೆ ಮೆಟ್ಟಿಲಲ್ಲಿ ಇದು ಹತ್ತುತ್ತಿರಲಿಲ್ಲ ಅಕ್ಕ. ಅಳತೆ ತಗೊಂಡಿದ್ದೆ," ಎಂದ.

ಹೇಳಬಹುದಿತ್ತಲ್ಲ ಎಂದೆ. ನೀನು ಫೋನ್ ಎತ್ತಬೇಕಲ್ಲ ಎಂದ. ಇಂಥವನ ಜೊತೆ ಏನು ಮಾತು. ಕಾಲು ಸೋತಿತ್ತು, ಅದಕ್ಕೇ ಕುಳಿತೆ. ಅಮ್ಮ ಕೂರುತ್ತಿದ್ದ ಬದಿಯಲ್ಲೇ ಕುಳಿತೆ, ಬೇರೆಲ್ಲ ಕಡೆ ಹೊಗೆ ಬರುತ್ತಿತ್ತು. ಎಲ್ಲರೂ ಹೊರಡುವವರೆಗೆ ಅಲ್ಲೇ ಇರಬೇಕಾಯಿತು.

ಜನವರಿ 4, ಶನಿವಾರ

ಇವರಿಗೆ ಬಿಯರಿನ ಬಗ್ಗೆಯೂ ಏನೂ ಗೊತ್ತಿಲ್ಲ. ಒಮ್ಮೆ ತಣ್ಣಗಾದ ಬಿಯರ್ ಬಿಸಿಯಾಗಿ ಮತ್ತೆ ತಣ್ಣಗಾದರೆ ಕೆಟ್ಟುಹೋಗುತ್ತದಂತೆ. ಹೋದ ವಾರ ಡಾಕ್ಟರು ಹೇಳಿದ ಸಿದ್ಧಾಂತ. ಕಣ್ಣು ಮುಚ್ಚಿಕೊಂಡು ಕುಡಿದರೂ ಹೇಳಬಲ್ಲರಂತೆ.

ಟಿಕೆಟ್ ಇಲ್ಲದೆ ಕೂತು ಪೇಪರು ಓದುವವರ ಮುಖದಲ್ಲಿ ಇದೇ ಧೈರ್ಯ ನೋಡಿದ್ದೇನೆ. ಹಾಗಾದರೆ ಪರೀಕ್ಷೆ ಆಗಲಿ ಎಂದಿದ್ದೆ. ಇವತ್ತು ಒಂದು ಬಾಟಲಿಯನ್ನು ಬೆಳಗ್ಗೆಯೇ ಒಲೆಯ ಪಕ್ಕ ಇಡಿಸಿ, ಮಧ್ಯಾಹ್ನ ಮತ್ತೆ ಹೊರಗಿನ ಚಳಿಗೆ ಹಾಕಿಸಿದ್ದೆ. ಸಂಜೆ ಡಾಕ್ಟರ ಕಣ್ಣಿಗೆ ಅವರದೇ ಮಫ್ಲರ್ ಕಟ್ಟಿ ಎರಡು ಲೋಟ ಕೈಗೆ ಕೊಟ್ಟೆ. ಬಾಯಲ್ಲಿ ತಿರುಗಿಸಿದರು, ಮೂಸಿದರು, ಕೊನೆಗೆ ಇವತ್ತೇ ತಂದ ತಾಜಾ ಬಾಟಲಿಯದನ್ನು ತೋರಿಸಿ, "ಇದು ಕೆಟ್ಟಿದೆ, ವಾಂತಿ ಬರೋಹಂಗಿದೆ," ಎಂದರು. ಅಂಚೆಯವನು ನಗುತ್ತಾ ಸ್ಟೂಲಿನಿಂದ ಕೆಳಗೆ ಬಿದ್ದ.

ನಾನೂ ಎರಡೂ ಲೋಟದಿಂದ ಸ್ವಲ್ಪ ಕುಡಿದೆ. ರುಚಿ ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ. ಆಮೇಲೆ ಇನ್ನೂ ಸ್ವಲ್ಪ, ಖಾತ್ರಿ ಮಾಡಿಕೊಳ್ಳಲು. ಕಹಿ. ಇದಕ್ಕೆ ಜನ ಯಾಕೆ ಸಾಯುತ್ತಾರೋ.

ಡಾಕ್ಟರು ಹೋಗುವಾಗ ನನ್ನ ಕಡೆ ನೋಡಲಿಲ್ಲ. ನೋಡದಿದ್ದರೆ ಬಿಡಲಿ.

ಜನವರಿ 11, ಶನಿವಾರ

ಇವತ್ತು ಬೇಕರಿಯವಳ ಸರದಿ. ಅವಳು ಮಡಿಲಲ್ಲಿ ಆಲೂಗಡ್ಡೆ ಸಿಪ್ಪೆ ತುಂಬಿಕೊಂಡು ಬಂದು ಪೂಜೆ ಮಾಡುವವಳ ಹಾಗೆ ಒಲೆಗೆ ಹಾಕುತ್ತಾಳೆ. ಎಷ್ಟು ವರ್ಷದಿಂದ ಕೊಳವೆ ಉಜ್ಜಿಲ್ಲ ಎಂದು ಕೇಳಿದೆ. ಸಿಪ್ಪೆ ಇರುವಾಗ ಉಜ್ಜುವುದು ಯಾಕೆ ಎಂದಳು. ಕೊಳವೆಯೊಳಗೆ ಕಟ್ಟಿದ ಡಾಂಬರಿಗೆ ಒಂದು ದಿನ ಕಿಡಿ ತಗುಲಿದರೆ ಶೆಡ್ಡೂ ಇಲ್ಲ, ನನ್ನ ಕಿಟಕಿಯೂ ಇಲ್ಲ, ಮಂಚದಿಂದ ಏಳಲಾಗದ ನಾನೂ ಇಲ್ಲ.

ನಿಂತು ಬೆಂಕಿ ಆರಿಸಿದೆ, ನಿಂತು ಕೊಳವೆ ಬಿಚ್ಚಿಸಿದೆ, ಅಂಚೆಯವನ ಕೈಗೆ ಬ್ರಷ್ ಕೊಟ್ಟು ಉಜ್ಜಿಸಿದೆ. ಒಂದು ಬಕೆಟ್ ತುಂಬ ಮಸಿ ಬಂತು. ಅಂಚೆಯವನ ಹಲ್ಲು ಮಾತ್ರ ಬೆಳ್ಳಗಿದ್ದವು.

ಬಕೆಟ್ಟನ್ನು ಬೇಕರಿಯವಳ ಮುಂದಿಟ್ಟೆ. ಅವಳು ಬಗ್ಗಿ ನೋಡಿ, "ನೋಡಿದ್ರಾ? ಸಿಪ್ಪೆ ಹಾಕಿಲ್ಲದಿದ್ರೆ ಎರಡು ಬಕೆಟ್ ಬರ್ತಿತ್ತು," ಎಂದಳು.

ಈ ಹೆಂಗಸನ್ನು ಯಾವ ಪುರಾವೆಯೂ ಏನೂ ಮಾಡಲಾರದು. ರೈಲಿನಲ್ಲಿ ಇಂಥವರಿಗೆ ನಾನು ದಂಡ ಹಾಕುತ್ತಿದ್ದೆ.

ಜನವರಿ 19, ಭಾನುವಾರ

ತಮ್ಮನ ಜೊತೆ ಜಗಳ. ದೊಡ್ಡದು.

ಶುರುವಾದದ್ದು ಊಟದ ಹೊತ್ತಿಗೆ. ಸಾರಿಗೆ ಉಪ್ಪು ಕಡಿಮೆ ಎಂದೆ. ನಿನ್ನೆ ಹೆಚ್ಚು ಅಂದಿದ್ದೆಯಲ್ಲ ಎಂದ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ನಿನ್ನ ಪಟಾಲಮ್ಮಿನ ಜೊತೆ ಇರುವುದಕ್ಕಿಂತ ನನ್ನ ಮನೆಯಲ್ಲಿ ಒಬ್ಬಳೇ ಇರುವುದು ಸಾವಿರ ಪಾಲು ಮೇಲು, ಅಲ್ಲಾದರೆ ನೆಮ್ಮದಿ ಇದೆ, ಯಾರ ಕಾಟವೂ ಇಲ್ಲ ಎಂದೆ.

ಅವನು ಚಮಚ ಕೆಳಗಿಟ್ಟ. "ಹೋದ ವಾರ ನಿನ್ನ ಸ್ವೆಟರ್ ತರೋಕೆ ಹೋಗಿದ್ನಲ್ಲ. ಬೀಗ ತೆಗೆಯೋ ಮುಂಚೆ ಅಭ್ಯಾಸಕ್ಕೆ ನಿನ್ನ ಬೆಲ್ ಒತ್ತಿದೆ. ಸದ್ದೇ ಇಲ್ಲ. ಅದು ಕೆಟ್ಟು ವರ್ಷ ಆಗಿರಬೇಕು, ಒಳಗೆ ತಂತಿ ತುಕ್ಕು ಹಿಡಿದಿದೆ. ನಿಂಗೆ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ.

"ಗೊತ್ತಾಗೋದಾದ್ರೂ ಹೇಗೆ, ಯಾರಾದ್ರೂ ಒತ್ತಿದ್ರೆ ತಾನೆ," ಎಂದ.

ಜನವರಿ 20, ಸೋಮವಾರ

ಎದ್ದಿಲ್ಲ. ಹುಡುಗಿಯನ್ನು ವಾಪಸ್ಸು ಕಳಿಸಿದೆ.

ಜನವರಿ 22, ಬುಧವಾರ

ಸಾರು ಬಾಗಿಲ ಹತ್ತಿರ ಇಟ್ಟು ಹೋಗುತ್ತಾನೆ. ಉಪ್ಪು ಸರಿಯಾಗಿದೆ. ಅದಕ್ಕೂ ಸಿಟ್ಟು ಬರುತ್ತದೆ.

ಜನವರಿ 25, ಶನಿವಾರ

ಶೆಡ್ಡಿಗೆ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ. ಕಿಟಕಿ ಮುಚ್ಚಿ ಮಲಗಿದೆ.

ವಿಚಿತ್ರವೆಂದರೆ ಅವರ ಸದ್ದೇ ಇರಲಿಲ್ಲ. ಬಂದಿದ್ದರು, ಲೋಟದ ಸದ್ದು ಕೇಳುತ್ತಿತ್ತು. ಆದರೆ ಸತ್ತವರ ಮನೆಯಲ್ಲಿ ಮಾತಾಡುವಂತೆ ಮಾತಾಡುತ್ತಿದ್ದರು. ಏನು ಪಿತೂರಿಯೋ ಎಂದು ಕಿಟಕಿ ಸ್ವಲ್ಪ ತೆಗೆದೆ. ಅಂಚೆಯವನು ಹೇಳುತ್ತಿದ್ದ: "ಹಸಿ ಸೌದೆ ಹೆಚ್ಚು ಹೊತ್ತು ಬರುತ್ತೆ ಅಂತ ನಾನಂತೂ ಈಗ್ಲೂ ನಂಬ್ತೀನಿ." ಯಾರೂ ಉತ್ತರ ಕೊಡಲಿಲ್ಲ. ಡಾಕ್ಟರೂ ಇಲ್ಲ. ಅವನು ಅದನ್ನೇ ಇನ್ನೊಮ್ಮೆ, ನನ್ನ ಕಿಟಕಿಯ ಕಡೆ ತಿರುಗಿ, ಇನ್ನೂ ಜೋರಾಗಿ ಹೇಳಿದ.

ಇಷ್ಟು ದಿನ ಬಡಿದುಕೊಂಡದ್ದೆಲ್ಲ ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಚಪ್ಪಲಿ ಹಾಕಿಕೊಳ್ಳಲೂ ತಾಳ್ಮೆ ಇರಲಿಲ್ಲ. ವಾಕರ್ ಬಿಟ್ಟು ಕೋಲು ಹಿಡಿದು ಹೋಗಿ ಅವನ ಜನ್ಮ ಜಾಲಾಡಿದೆ. ಆ ಮನುಷ್ಯ ಬೈಸಿಕೊಂಡು ನಗುತ್ತಾ ನನಗೊಂದು ಲೋಟ ಸುರಿದ. ಚರ್ಮ ದಪ್ಪ.

ಫೆಬ್ರವರಿ 1, ಶನಿವಾರ

ತೊಗಟೆಯ ಜಗಳವನ್ನು ನಾನು ಇತ್ಯರ್ಥ ಮಾಡುತ್ತೇನೆ. ಬಾಯಲ್ಲಿ ಹೇಳಿದರೆ ಈ ಜನಕ್ಕೆ ನಾಟುವುದಿಲ್ಲ.

ಒಂದೇ ಮರದ ಸೌದೆಯನ್ನು ಎರಡು ರಾಶಿ ಮಾಡಿಸಿದ್ದೇನೆ. ಒಂದರಲ್ಲಿ ತೊಗಟೆ ಮೇಲೆ, ಒಂದರಲ್ಲಿ ಕೆಳಗೆ. ಎರಡರಿಂದಲೂ ಕೆಲವು ತುಂಡುಗಳಿಗೆ ಸುಣ್ಣದ ಗುರುತು ಹಾಕಿ ಬೇಕರಿಯ ತಕ್ಕಡಿಯಲ್ಲಿ ತೂಗಿದ್ದೇವೆ. ಪ್ರತಿ ವಾರ ತೂಗುವುದು. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಯಾವ ರಾಶಿ ಮೊದಲು ಒಣಗುತ್ತದೋ ಆ ಪಕ್ಷ ಗೆದ್ದಂತೆ. ಗಟ್ಟಿ ಮರ, ಬೇಸಿಗೆ ಮುಗಿಯುವವರೆಗೆ ಗೊತ್ತಾಗುವುದಿಲ್ಲ.

"ಅಷ್ಟೊತ್ತಿಗೆ ಅಕ್ಕ ಇಲ್ಲಿರಲ್ವಲ್ಲ. ತೂಕ ಯಾರು ನೋಡೋದು?" ಎಂದಳು ಬೇಕರಿಯವಳು.

"ನಾನು ನೋಡ್ತೀನಿ," ಎಂದರು ಡಾಕ್ಟರು.

ಇವರಿಗೆ ಬಿಟ್ಟರೆ ತೊಗಟೆ ಮೇಲಿನ ರಾಶಿಯ ಪಕ್ಕ ರಾತ್ರಿಯಿಡೀ ಒಲೆ ಉರಿಸುತ್ತಾರೆ. ನನಗೆ ಗೊತ್ತಿಲ್ಲವೇ.

ಫೆಬ್ರವರಿ 8, ಶನಿವಾರ

ಅನಾಹುತ. ನಿನ್ನೆ ಮಳೆ ಬರುವ ಹಾಗಿತ್ತು ಎಂದು ತಮ್ಮನೂ ಅಂಚೆಯವನೂ ಸೇರಿ ದೊಡ್ಡ ರಾಶಿಗೆ ಟಾರ್ಪಾಲು ಹೊದಿಸಿದ್ದಾರೆ. ಮೇಲೆ ಮಾತ್ರವಲ್ಲ, ನಾಲ್ಕೂ ಕಡೆ ನೆಲದವರೆಗೆ, ಚಳಿ ಹತ್ತಿದ ಮಗುವಿಗೆ ಕಂಬಳಿ ಸುತ್ತಿದಂತೆ! ಗಾಳಿ ಎಲ್ಲಿಂದ ಆಡಬೇಕು? ಒಳಗಿನ ತೇವ ಎಲ್ಲಿಗೆ ಹೋಗಬೇಕು? ಸೌದೆ ಇಟ್ಟು ತಲೆ ನರೆತವರು ಮಾಡುವ ಕೆಲಸವೇ?

ಬೆಳಗ್ಗೆ ಕಿಟಕಿಯಿಂದ ಕಂಡದ್ದೇ ತಡ, ಓಡಿದೆ. ಗಂಟು ರಾಶಿಯ ತುದಿಯಲ್ಲಿತ್ತು. ಯಾರನ್ನು ಕಾಯುತ್ತಾ ಕೂರುವುದು, ಏಣಿ ಒರಗಿಸಿ ಹತ್ತಿ ಹಗ್ಗ ಬಿಚ್ಚಿದೆ. ಅಂದುಕೊಂಡಂತೆ ಒಳಗೆಲ್ಲ ಬೆವರಿತ್ತು. ಮೇಲಿನ ಸಾಲನ್ನು ತೆಗೆದು ನೋಡಿದರೆ ತುದಿಗಳಲ್ಲಿ ಬೂಷ್ಟಿನ ಬಿಳಿ ಚುಕ್ಕೆ. ಇದೇನು ಮೊದಲ ಸಲ ಹೊದಿಸಿದ್ದಲ್ಲ ಎಂದು ಆಗ ತಿಳಿಯಿತು.

ತಮ್ಮ ಅಡುಗೆಮನೆಯಿಂದ ಬಂದವನು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಮುಖ ಮೇಲಕ್ಕೆತ್ತಿ ಸುಮ್ಮನೆ ನೋಡುತ್ತಿದ್ದ. ತಪ್ಪು ಮಾಡಿದವನು ಇನ್ನೇನು ಮಾಡುತ್ತಾನೆ. ಮೇಲಿನಿಂದಲೇ ಚೆನ್ನಾಗಿ ಉಗಿದೆ.

ಫೆಬ್ರವರಿ 9, ಭಾನುವಾರ

ನನ್ನ ಕೋಲು ಕಾಣುತ್ತಿಲ್ಲ. ನಿನ್ನೆ ಬೆಳಗಿನಿಂದ ಹುಡುಕುತ್ತಿದ್ದೇನೆ. ಅಂಗಡಿಯಲ್ಲಿ ನೋಡಿದೆ, ಮಾಳಿಗೆಗೆ ಹೋಗಿ ನೋಡಿದೆ, ಶೆಡ್ಡಿಗೆ ಎರಡು ಸಲ ಹೋಗಿ ಬಂದೆ. ಈ ಮನೆಯಲ್ಲಿ ಒಂದು ವಸ್ತುವೂ ಇಟ್ಟ ಜಾಗದಲ್ಲಿ ಇರುವುದಿಲ್ಲ.

ಫೆಬ್ರವರಿ 17, ಸೋಮವಾರ

ನಾಳೆ ಪರೀಕ್ಷೆ. ಕಡೆಗೂ ಈ ಜೈಲಿನಿಂದ ಬಿಡುಗಡೆ.

ಇವನ ಆತುರ ನೋಡಬೇಕು. ನಿನ್ನೆ ಒಬ್ಬನೇ ನನ್ನ ಮನೆಗೆ ಹೋಗಿ ಬೆಲ್ ಸರಿಮಾಡಿಸಿ ಬಂದಿದ್ದಾನೆ. "ಈಗ ಚೆನ್ನಾಗಿ ಕೇಳಿಸುತ್ತೆ, ಮೂರು ಸಲ ಒತ್ತಿ ನೋಡ್ದೆ," ಎಂದ. ಕಿಟಕಿ ತೆಗೆದು ಗಾಳಿ ಆಡಿಸಿದ್ದಾನಂತೆ, ಹಾಸಿಗೆ ಕೊಡವಿದ್ದಾನಂತೆ. ಕಳಿಸಲು ಇಷ್ಟು ಹಂಬಲವಿದ್ದರೆ ಮೊದಲೇ ಹೇಳಬಹುದಿತ್ತು. ಥ್ಯಾಂಕ್ಸ್ ಹೇಳಲಿಲ್ಲ.

ಸಂಜೆ ಶನಿವಾರವಲ್ಲದಿದ್ದರೂ ಮೂವರೂ ಬಂದಿದ್ದರು. ಬೇಕರಿಯವಳು ಬ್ರೆಡ್ ತಂದಿದ್ದಳು. ಅಂಚೆಯವನು, "ನಿಮ್ಮ ಬೀದಿ ನನ್ನ ಬೀಟಿಗೇ ಬರುತ್ತೆ. ನಿಮ್ಮ ಕಾಗದ ನಾನೇ ತಂದುಕೊಡ್ತೀನಿ," ಎಂದ.

"ನನಗೆ ಯಾರೂ ಬರೆಯೋದಿಲ್ಲ," ಎಂದೆ.

ಅವನು ಲೋಟದೊಳಗೆ ನೋಡಿಕೊಂಡು ಕುಳಿತ. ಸಂಜೆಯೆಲ್ಲ ಯಾರೂ ಸೌದೆಯ ಮಾತೆತ್ತಲಿಲ್ಲ, ಯಾರೂ ಜಗಳವಾಡಲಿಲ್ಲ. ಡಾಕ್ಟರಂತೂ ತೊಗಟೆ ಕೆಳಗಿದ್ದರೂ ನಡೆಯುತ್ತದೇನೋ ಎಂದುಬಿಟ್ಟರು. ನಾನು ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬಿಯರ್ ಸರಿ ಇರಲಿಲ್ಲವೇನೋ.

ಫೆಬ್ರವರಿ 18, ಮಂಗಳವಾರ

ಆಸ್ಪತ್ರೆಯ ಮೆಟ್ಟಿಲು ಅಗಲವಾಗಿವೆ, ಪಕ್ಕದಲ್ಲಿ ಕಂಬಿ ಇದೆ. ಮೇಲಿನ ಮಹಡಿಯಲ್ಲಿ ಕಾಗದ ಹಿಡಿದುಕೊಂಡು ದೊಡ್ಡ ಡಾಕ್ಟರು ಕಾಯುತ್ತಿದ್ದರು. ಹತ್ತಿಹೋದರೆ ಸಹಿ. ವ್ಯಾಯಾಮದ ಹುಡುಗಿ ನನ್ನ ಪಕ್ಕ, ತಮ್ಮ ಹಿಂದೆ.

ಮೊದಲನೆಯ ಮಹಡಿಯ ತಿರುವಿನಲ್ಲಿ ಕಾಲು ನಿಂತುಬಿಟ್ಟಿತು. ಮುಂದಕ್ಕೆ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

"ಎಲ್ಲಿ ನೋವು ಅಮ್ಮ?" ಎಂದು ಹುಡುಗಿ ಕೇಳಿದಳು.

ಎಲ್ಲಾ ಕಡೆ ಎಂದೆ.

ಅವಳು ಮೊಣಕಾಲು ಮಡಿಸಿದಳು, ಸೊಂಟ ಒತ್ತಿದಳು. ಅರ್ಥವಾಗದೆ ನನ್ನನ್ನೂ ತಮ್ಮನನ್ನೂ ನೋಡಿದಳು. "ಹೋದ ವಾರ ಎಷ್ಟು ಚೆನ್ನಾಗಿ ಓಡಾಡ್ತಿದ್ರು. ಮನೇಲಿ ಹೇಗಿದ್ದಾರೆ ಸರ್?"

ನಾನು ಕಂಬಿಯನ್ನು ಹಿಡಿದುಕೊಂಡು ಕೆಳಗೆ ನೋಡುತ್ತಿದ್ದೆ. ಎರಡು ಮೆಟ್ಟಿಲು ಕೆಳಗೆ ತಮ್ಮನ ಬೂಟು ಕಾಣುತ್ತಿತ್ತು. ಅದು ಒಂದು ಮೆಟ್ಟಿಲು ಮೇಲೆ ಬಂತು.

"ಮನೇಲೂ ಹಿಂಗೇ ಮೇಡಂ," ಎಂದ. "ಅಡುಗೆಮನೆ ಹೊಸ್ತಿಲು ದಾಟೋದೇ ಕಷ್ಟ. ಎರಡು ಹೆಜ್ಜೆ ಇಟ್ರೆ ಕೂತ್ಬಿಡ್ತಾಳೆ. ರಾತ್ರಿಯೆಲ್ಲ ನರಳ್ತಾಳೆ, ಕೇಳೋಕಾಗಲ್ಲ. ಒಬ್ಳೇ ಬಿಡೋ ಹಂಗೇ ಇಲ್ಲ."

ಅವಳು ಮೇಲೆ ಹೋಗಿ ದೊಡ್ಡ ಡಾಕ್ಟರ ಹತ್ತಿರ ಮಾತಾಡಿ ಬಂದಳು. ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ನೋಡುತ್ತಾರಂತೆ.

ಮನೆಗೆ ಬಂದು ಬರೆಯುತ್ತಾ ಕುಳಿತ ಮೇಲೆ ಸಿಟ್ಟು ನೆತ್ತಿಗೇರುತ್ತಿದೆ. ಎರಡು ತಿಂಗಳಿಂದ ನಾನು ಒಂದು ರಾತ್ರಿಯೂ ನರಳಿಲ್ಲ, ಹಾಸಿಗೆಗೆ ಬಿದ್ದರೆ ಬೆಳಗ್ಗೆಯೇ ಎಚ್ಚರ. ಹತ್ತು ದಿನದ ಕೆಳಗೆ ನನ್ನ ಏಣಿ ಹಿಡಿದು ನಿಂತವನು ಇವನೇ ಅಲ್ಲವೇ? ಆಸ್ಪತ್ರೆಯವರ ಮುಖಕ್ಕೆ ಮುಖ ಕೊಟ್ಟು, ದನಿ ಒಂದಿಷ್ಟೂ ನಡುಗದೆ, ಅಷ್ಟುದ್ದದ ಸುಳ್ಳು ಹೇಳಿದನಲ್ಲ! ಇಂಥ ಸುಳ್ಳುಗಾರನ ಮನೆಯಲ್ಲಿ ಇನ್ನು ಬೇಸಿಗೆಯೆಲ್ಲ ಕಳೆಯಬೇಕು. ನನ್ನ ಹಣೆಬರಹ.